ನರ್ಸಬಾಯಿ ತೊಳೆದ ಎತ್ತುಗಳು

ಹೋದ ತಿಂಗಳು ನಮ್ಮ ಶಹಾಪುರದ ದವಾಖಾನೆಯಲ್ಲಿ ನರ್ಸಬಾಯಿಯನ್ನು ಬೀಳ್ಕೊಡುವ ಸಮಾರಂಭ ಇಟ್ಟಿದ್ದರು. ನನ್ನನ್ನೂ ಕರೆದಿದ್ದರು. ಮುಂದಿನ ಸಾಲಿನಲ್ಲಿ ಕೂಡಿಸಿ, ಚಹಾ ಕೊಟ್ಟು, ಕೈಗೊಂದು ಬಾಳೆಹಣ್ಣನ್ನೂ ಹಿಡಿಸಿದರು. ಡಾಕ್ಟರು ಎದ್ದು ನಿಂತು ಎಂಥ ಶಿಸ್ತಿನ ಹೆಣ್ಣುಮಗಳು ಅಂದರು. ಇನ್ನೊಬ್ಬರು ಆಕೆ ಮಾಡಿಸಿದ ಹೆರಿಗೆಗಳ ಮಾತು ತೆಗೆದರು. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ಹೊಡೆದರು. ಆಕೆ ಮಾತ್ರ ಶಾಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಇದನ್ನ ಒಗೆದಾರೋ ಇಲ್ಲೋ ಅನ್ನೋ ಹಾಗೆ ನೋಡುತ್ತ ಕೂತಿದ್ದಳು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅವರು ಹೇಳಿದ್ದೆಲ್ಲ ಖರೆ, ನಾ ಇಲ್ಲ ಅನ್ನೋದಿಲ್ಲ. ಆದರೆ ನನ್ನ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದ ಹೆಣ್ಣುಮಗಳ ಬಗ್ಗೆ ಹೇಳಬೇಕಾದ ಮಾತು ಅದಲ್ಲ. ಮೈಕು ಕೊಟ್ಟಿದ್ದರೆ ನಾನೇ ಹೇಳುತ್ತಿದ್ದೆ. ಕಿರಾಣಿ ಅಂಗಡಿಯವನ ಹೆಂಡತಿಗೆ ಯಾರು ಮೈಕು ಕೊಡಬೇಕು? ಅದಕ್ಕೇ ಇಲ್ಲಿ ಹೇಳಾಕತ್ತೀನಿ.

ಆಕೆ ನಮ್ಮ ಓಣಿಗೆ ಬಂದದ್ದು ಎರಡನೇ ಸಂಬಂಧವಾಗಿ. ನಮ್ಮ ಪಕ್ಕದ ಮನೆಯಾತ ಬಸ್ ಕಂಡಕ್ಟರ್. ಶಹಾಪುರದಿಂದ ಸುರಪುರ, ಸುರಪುರದಿಂದ ನಾರಾಯಣಪುರ, ಮತ್ತೆ ವಾಪಸ್. ಒಳ್ಳೆಯ ಮನುಷ್ಯ. ದಿನವೆಲ್ಲ ಬಸ್ಸಿನಲ್ಲಿ ಒದರಿ ಒದರಿ ಮನೆಗೆ ಬರುವಷ್ಟರಲ್ಲಿ ಆತನ ಹತ್ತಿರ ಮಾತೇ ಉಳಿದಿರುತ್ತಿರಲಿಲ್ಲ. ಆತನ ಮೊದಲ ಹೆಂಡತಿ ಕಾಮಣಿ ಆಗಿ, ಕಣ್ಣು ಮೈ ಎಲ್ಲ ಹಳದಿಯಾಗಿ ತೀರಿಕೊಂಡಳು. ನನಗೆ ತಂಗಿಯಂಥವಳು. ಒಂದು ಹೆಣ್ಣು, ಒಂದು ಗಂಡು, ಎರಡು ಮಕ್ಕಳನ್ನು ಬಿಟ್ಟುಹೋದಳು. ಎರಡು ವರ್ಷ ಆದಮೇಲೆ ನೆಂಟರೆಲ್ಲ ಸೇರಿ ಗುರುಮಠಕಲ್ಲಿನ ಈ ನರ್ಸಬಾಯಿಯನ್ನು ನೋಡಿ ಮದುವೆ ಮಾಡಿದರು. ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತ ನಲವತ್ತು ದಾಟಿಸಿದ್ದಾಕೆ. ಮದುವೆ ಆಗಿ ಇಲ್ಲಿಗೇ ವರ್ಗ ಮಾಡಿಸಿಕೊಂಡು, ಟ್ರಂಕು ಹಿಡಿದು ಬಂದಿಳಿದಳು. ಆಗ ಹುಡುಗಿ ಎಂಟನೇ ಇಯತ್ತೆ, ಹುಡುಗ ಮೂರನೇ ಇಯತ್ತೆ.

ಅವರು ಏಸುಸ್ವಾಮಿಯ ಮಂದಿ, ನಾವು ಲಿಂಗ ಕಟ್ಟಿದವರು. ನಡುವೆ ಒಂದು ಗೋಡೆ, ಆ ಗೋಡೆಗೊಂದು ಕಿಂಡಿ. ಕಿಂಡಿಯೊಳಗಿಂದ ಚಟ್ನಿ ಆ ಕಡೆ ಹೋಗುತ್ತಿತ್ತು, ಉಪ್ಪಿನಕಾಯಿ ಈ ಕಡೆ ಬರುತ್ತಿತ್ತು. ಮನೆಯಲ್ಲಿ ಕೋಳಿ ಬೇಯಿಸುವ ದಿನ ಆಕೆಯೇ ಕಿಂಡಿಗೆ ಹಲಗೆ ಮುಚ್ಚುತ್ತಿದ್ದಳು. ನಾನು ಮುಚ್ಚು ಅಂತ ಯಾವತ್ತೂ ಹೇಳಿದ್ದಿಲ್ಲ.

ಬಂದ ಮರುದಿನವೇ ತೊಳೆಯಲು ಸುರು ಹಚ್ಚಿದಳು. ಬಾಗಿಲು ತೊಳೆದಳು, ಕಿಟಕಿ ತೊಳೆದಳು, ಹುಡುಗನ ಸಾಲಿ ಚೀಲ ತೊಳೆದಳು. ಕಂಡಕ್ಟರನ ಸೀಟಿಯನ್ನು ಬಿಸಿನೀರಲ್ಲಿ ಕುದಿಸಿದಳು. ಒಂದು ದಿನ ನಾನು ಊರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಅಂಗಡಿಯ ತಕ್ಕಡಿಯೂ ಫಳಫಳ ಹೊಳೆಯಾಕತ್ತಿತ್ತು. ಗಿರಾಕಿಗಳು ಹೊಸಾದು ತಂದೀರೇನು ಅಂತ ಕೇಳಿದರು. ಎಲ್ಲಿ ನೋಡಿದರೂ ಫಿನಾಯಿಲ್ ವಾಸನೆ. ಸಾಕು ಮಾಡಬಾರದೇನವಾ ಅಂದರೆ ಆಕೆಯದು ಒಂದೇ ಮಾತು. ತೊಳದ್ರ ಹೊಲಸು ಒಂದೇ ಹೋಗ್ತದಕ್ಕಾ, ಬ್ಯಾರೆ ಏನೂ ಹೋಗಂಗಿಲ್ಲ ಅನ್ನುತ್ತಿದ್ದಳು. ಇದನ್ನು ಎಷ್ಟು ಸಲ ಕೇಳಿದ್ದೀನೋ.

ಓಣಿಯ ಮಂದಿಯ ಹೆಸರು ಆಕೆಗೆ ನೆನಪು ಉಳಿಯುತ್ತಿರಲಿಲ್ಲ, ಬೇನೆ ಉಳಿಯುತ್ತಿತ್ತು. ನಾನು ಮೊಣಕಾಲು ಅಕ್ಕ. ನಮ್ಮ ಯಜಮಾನರು ಶುಗರ್ ಅಣ್ಣ. ಎದುರು ಮನೆಯ ಗೌಡರು ಮೀಸೆ ತಿರುವಿಕೊಂಡು ಓಡಾಡುವ ಮನುಷ್ಯ, ಅವರನ್ನು ನಡು ಬೀದಿಯಲ್ಲಿ ನಿಲ್ಲಿಸಿ ಗ್ಯಾಸಿನ ಗೌಡ್ರ, ಗುಳಿಗಿ ತಗೊಂಡ್ರೇನು ಅಂತ ಕೇಳುತ್ತಿದ್ದಳು. ಗೌಡರು ಒಳಗೊಳಗೇ ಉರಿದರೂ ಹೂಂ ತಗೊಂಡೀನ್ರಿ ಅನ್ನುತ್ತಿದ್ದರು. ಆಕೆ ಬೆಲ್ಲಕ್ಕೆ ಬರುವುದು ಕಂಡರೆ ನಮ್ಮ ಯಜಮಾನರು ಬಾಯಲ್ಲಿದ್ದ ಪೇಢಾವನ್ನು ಹಾಗೇ ನುಂಗುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಆಕೆಯ ಬಾಯಲ್ಲಿ ಕನ್ನಡ ನಿಲ್ಲುತ್ತಿರಲಿಲ್ಲ, ಗುರುಮಠಕಲ್ಲಿನ ತೆಲುಗು ದಬದಬ ಬೀಳುತ್ತಿತ್ತು. ನಮಗೆ ಅರ್ಥ ಆಗೋದಿಲ್ಲ ಅಂತ ಆಕೆಗೆ ಧೈರ್ಯ. ಅಂಗಡಿ ಇಟ್ಟವರಿಗೆ ಎಲ್ಲ ಭಾಷೆಯ ಬೈಗುಳವೂ ಅರ್ಥ ಆಗುತ್ತದೆ.

ಆದರೆ ಮೊದಲಿನ ಆ ದಿನಗಳಲ್ಲಿ ಎರಡು ಮಕ್ಕಳ ಮೇಲೆ ಆಕೆಯ ಸಿಟ್ಟು ಒಂದು ಸಲವೂ ಹೊರಗೆ ಬಿದ್ದದ್ದು ನಾನು ಕಾಣೆ. ಮಕ್ಕಳು ಆಕೆಯನ್ನು ಏನಂತಲೂ ಕರೆಯುತ್ತಿರಲಿಲ್ಲ. ಅವ್ವ ಇಲ್ಲ, ಚಿಗವ್ವ ಇಲ್ಲ, ಆಂಟಿಯೂ ಇಲ್ಲ. ಹೇಳುವುದಿದ್ದರೆ ನನ್ನ ಮೂಲಕ. ಒಂದು ಸಂಜೆ ಹುಡುಗಿ ನಮ್ಮ ಅಂಗಡಿ ಕಟ್ಟೆಗೆ ಬಂದು, ದೊಡ್ಡವ್ವ, ಅವರಿಗೆ ಹೇಳ್ರಿ, ನನಗ ಚಪಾತಿ ಬ್ಯಾಡ ಅಂತ ಅಂದಳು. ಆ ಅವರು, ಅಂದರೆ ನರ್ಸಬಾಯಿ, ಅಲ್ಲೇ ಹಿಂದೆ ನಿಂತಿದ್ದಳು. ಆಕೆಯೂ ನನ್ನ ಮುಖ ನೋಡಿಯೇ, ಅಕ್ಕಾ, ಆಕಿಗೆ ಹೇಳ್ರಿ, ರೊಟ್ಟಿನೂ ಅದ ಅಂತ ಅಂದಳು. ನಡುವೆ ನಾನೊಂದು ಟಪಾಲು ಕಚೇರಿ ಆಗಿದ್ದೆ. ನನಗೆ ಎರಡೂ ಕಡೆಯ ಸಂಕಟ ಕಾಣುತ್ತಿತ್ತು. ತಾಯಿ ಸತ್ತ ಮಕ್ಕಳಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ.

ದೀಪಾವಳಿ ಕಳೆದಮೇಲೆ ರಾಮಸಮುದ್ರದಿಂದ ಮಕ್ಕಳ ಅಜ್ಜಿ ಬಂದಳು, ತೀರಿಹೋದಾಕೆಯ ತಾಯಿ. ಹೊಲ ಮನೆ ಇದ್ದಾಕೆ, ಗಟ್ಟಿ ಹೆಂಗಸು, ಕೆಟ್ಟವಳಲ್ಲ. ಮಗಳು ಹೋದ ಬೆಂಕಿ ಇನ್ನೂ ಹೊಟ್ಟೆಯಲ್ಲಿತ್ತು. ಮೊಮ್ಮಗಳು ಬಡವಾಗಿದ್ದು ಕಂಡು ಅಳಿಯನನ್ನು ಕೂಡಿಸಿಕೊಂಡು ಎಲ್ಲರ ಮುಂದೆಯೇ ಹೇಳಿದಳು. ಕ್ರಿಸ್ಮಸ್ಸಿಗೆ ಬರ್ತೀನಿ, ಹುಡುಗರು ಬರ್ತೀವಿ ಅಜ್ಜಿ ಅಂದ್ರ ಕರ್ಕೊಂಡು ಹೋಗಿ ಅಲ್ಲೇ ಸಾಲಿಗೆ ಹಾಕ್ತೀನಿ, ಇಲ್ಲೇ ಇರ್ತೀವಿ ಅಂದ್ರ ಮತ್ತ ಈ ಮಾತು ತಗ್ಯಂಗಿಲ್ಲ. ಕಂಡಕ್ಟರ್ ತಲೆ ಆಡಿಸಿದ. ಹುಡುಗಿ ನೆಲ ನೋಡಿದಳು. ನರ್ಸಬಾಯಿ ಅಜ್ಜಿಗೆ ಚಹಾ ತಂದುಕೊಟ್ಟಳು.

ಅಜ್ಜಿ ಹೋದಮೇಲೆ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತ ನನಗೆ ಹೇಳಿದಳು.

"ಅಕ್ಕಾ, ನನಗ ಹಡಿಸಿ ಗೊತ್ತದ, ಹಡದು ಗೊತ್ತಿಲ್ಲ. ಇನ್ನ ಆ ವಯಸ್ಸೂ ಇಲ್ಲ. ಇವೆರಡು ಎದ್ದು ಹೋದ್ರ ನಾ ಮತ್ತ ಬರೇ ದವಾಖಾನಿ ನರ್ಸು. ಮನ್ಯಾಗ ನಂದು ಅಂತ ಏನದ?"

ಹಬ್ಬಕ್ಕೆ ಇನ್ನೂ ದಿನ ಅದ, ನೋಡೋಣ ಅಂದೆ. ಆ ಮಾತನ್ನೇ ಹಿಡಿದಳು ನೋಡ್ರಿ. ಡಿಸೆಂಬರ್ ಹುಟ್ಟಿದ್ದೇ ತಡ, ಮನೆಗೆ ಸಿಂಗಾರ ಮಾಡಲು ನಿಂತಳು. ಮನೆ ಹಬ್ಬದ ಮನೆ ಆದರೆ ಮಕ್ಕಳ ಮನಸ್ಸು ನಿಲ್ಲುತ್ತದೆ ಅಂತ ಆಕೆಯ ಲೆಕ್ಕ.

ಅವರ ಹಬ್ಬದ ಗಿಡ ನಮ್ಮ ಕಡೆ ಎಲ್ಲಿ ಬೆಳೆಯಬೇಕು? ಈಕೆ ಬಳ್ಳಾರಿ ಜಾಲಿಯ ಒಂದು ಟೊಂಗೆ ಕಡಿಸಿ ತಂದಳು. ಕಟ್ಟೆಯ ಮೇಲೆ ಕೂತು, ಮಕ್ಕಳ ಕೈಗೆ ಚುಚ್ಚಬಾರದು ಅಂತ ಕತ್ತರಿಯಿಂದ ಒಂದೊಂದೇ ಮುಳ್ಳು ಕತ್ತರಿಸಿದಳು. ಎಣ್ಣೆ ಡಬ್ಬಿಯಲ್ಲಿ ಉಸುಕು ತುಂಬಿ ನಿಲ್ಲಿಸಿದಳು. ಮೇಲೆ ಹತ್ತಿ ಅಂಟಿಸಿದಳು. ಇದೇನವಾ ಅಂದೆ. ಹಿಮ ಅಂದಳು. ನಮ್ಮ ಶಹಾಪುರಕ್ಕೆ ಹಿಮ ಯಾವಾಗ ಬಂದಿತ್ತು ಅಂತ ನಮ್ಮ ಯಜಮಾನರು ಅಂಗಡಿಯೊಳಗಿಂದಲೇ ಕೇಳಿದರು. ಶುಗರ್ ಇದ್ದವರು ಸುಮ್ಮ ಕೂಡಬೇಕು ಅಂದಳು.

ಮಕ್ಕಳನ್ನು ಕರೆದಳು. ಬಂದವು. ಬಾರದೆ ಇದ್ದಿದ್ದರೇ ಚೆನ್ನಾಗಿತ್ತು. ಹುಡುಗಿ ಬಣ್ಣದ ಹಾಳೆಗೆ ಅಂಟು ಹಚ್ಚುತ್ತಿದ್ದಳು, ಕಣ್ಣು ಮಾತ್ರ ಗೋಡೆಯ ಮೇಲೆ. ಸಂಜೆ ಯಾವಾಗ ಆಗುತ್ತದೋ ಅಂತ ಕಾಯುವ ಕೂಲಿಯವರ ಹಾಗೆ ಕೆಲಸ ಮಾಡುತ್ತಿದ್ದಳು. ಹುಡುಗನಿಗೆ ಬಲೂನಿನ ಬುಗ್ಗೆ ಊದಲು ಕೊಟ್ಟರೆ ನಿಂಬೆಹಣ್ಣಿನಷ್ಟು ಊದಿ, ಇಷ್ಟು ಸಾಕು ಅಂತ ಗಂಟು ಹಾಕಿಟ್ಟ. ಏಣಿ ಹಿಡಿ ಅಂದರೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚಡ್ಡಿ ಏರಿಸಿಕೊಳ್ಳುತ್ತ ಬೀದಿ ನೋಡುತ್ತ ನಿಂತ. ಆಕೆ ಮೇಲೆ ತೂಗಾಡಾಕತ್ತಿದ್ದಳು, ನಾನು ಓಡಿ ಹೋಗಿ ಹಿಡಿದೆ. ಹೋದ ವರ್ಷಗಳಲ್ಲಿ ತೋರಣ ಎಲ್ಲಿ ಕಟ್ಟುತ್ತಿದ್ದಿರಿ ಅಂತ ಕೇಳಿದಳು. ಗೊತ್ತಿಲ್ಲ ಅಂದರು ಇಬ್ಬರೂ. ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಬಾಯಿ ತೆರೆದೆ, ಹುಡುಗಿ ನನ್ನ ಕಡೆ ಒಂದು ಸಲ ನೋಡಿದಳು, ನಾನು ಬಾಯಿ ಮುಚ್ಚಿದೆ.

ನಾನಾಗಿದ್ದರೆ ಬೆನ್ನಿಗೊಂದು ಕೊಟ್ಟು ಮಾಡಿಸುತ್ತಿದ್ದೆ. ನನ್ನ ಮಕ್ಕಳಿಗೆ ಹಾಗೇ ಮಾಡಿ ಬೆಳೆಸಿದ್ದೀನಿ. ಜರಾ ಬೈಯವಾ, ಬೈದರೆ ಏನಾಗ್ತದ ಅಂದೆ. ಬೈಯಾಕ ಹಕ್ಕು ಬೇಕಲ್ಲಕ್ಕಾ ಅಂದಳು. ಗಂಟು ಬಿದ್ದ ದೀಪದ ಸರವನ್ನು ತೊಡೆಯ ಮೇಲೆ ಹಾಕಿಕೊಂಡು ಬಿಡಿಸುತ್ತ ಕೂತಳು.

ಹಾಗೂ ಹೀಗೂ ಹಬ್ಬದ ನಕ್ಷತ್ರ, ನಮ್ಮ ಮಾತಿನ ಚುಕ್ಕಿ, ಮಾಳಿಗೆ ಏರಿತು. ಬಿದಿರು ಸೀಳಿ ಕಟ್ಟಿ, ಕೆಂಪು ಹಾಳೆ ಹಚ್ಚಿ, ಒಳಗೊಂದು ಬಲ್ಬು ಇಟ್ಟ ಚುಕ್ಕಿ. ಸಂಜೆ ದೀಪ ಹಾಕಿದಾಗ ಹುಡುಗ ನಮ್ಮ ಕಟ್ಟೆಯ ಮೇಲೆ ಕೂತು ಒಂದೇ ಸವನೆ ನೋಡಿದ. ಚೊಲೊ ಅದ ಅಂತ ಬಾಯಿಂದ ಬಂದೇ ಬಿಟ್ಟಿತು. ಅಕ್ಕ ಗದರಿಸಿದಳು, ಸುಮ್ಮನಾದ. ಆದರೂ ಆ ಒಂದು ಮಾತು ನಾನು ಕಿಂಡಿಯಿಂದ ಆಚೆ ಮುಟ್ಟಿಸಿದೆ. ಆ ಹೆಣ್ಣುಮಗಳ ಮುಖ ನೋಡಬೇಕಿತ್ತು.

ಇನ್ನು ಉಳಿದದ್ದು ಗ್ವಾದಲಿ. ಏಸುಸ್ವಾಮಿ ದನಕ್ಕೆ ಮೇವು ಹಾಕುವ ಗ್ವಾದಲಿಯಲ್ಲಿ ಹುಟ್ಟಿದ್ದು ಅಂತ ಅವರು ಹಬ್ಬಕ್ಕೆ ಮನೆಯ ಮೂಲೆಯಲ್ಲಿ ಗ್ವಾದಲಿ ಹೂಡುತ್ತಾರೆ. ಕೂಸು, ತಾಯಿ, ತಂದೆ, ಸುತ್ತ ದನ. ಆ ಮನೆಯ ಗ್ವಾದಲಿಯಲ್ಲಿ ಒಂದು ವಿಶೇಷ ಇತ್ತು, ಅದಕ್ಕೆ ಕಾರಣ ನಮ್ಮ ಹಬ್ಬ. ಕಾರಹುಣ್ಣಿಮೆ ಆದಮೇಲೆ ನಮ್ಮಲ್ಲಿ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಕೆರೆಯ ಮಣ್ಣು ತಂದು, ಹತ್ತಿ ಕಲಸಿ ಹದ ಮಾಡಿ, ಜೋಡೆತ್ತು ಮಾಡಿ, ಮುಂದೊಂದು ಮಣ್ಣಿನ ಗ್ವಾದಲಿ ಇಟ್ಟು ಪೂಜೆ ಮಾಡುತ್ತೀವಿ. ಕಂಡಕ್ಟರನ ಮೊದಲ ಹೆಂಡತಿ ಹೊಸದಾಗಿ ಬಂದಾಗ ನಾನು ಎತ್ತು ಮಾಡುವುದನ್ನು ನೋಡಿ, ನಮ್ಮ ಸ್ವಾಮಿಗೂ ಎತ್ತು ಬೇಕಲ್ಲಕ್ಕಾ, ನನಗೂ ಕಲಿಸಿಕೊಡ್ರಿ ಅಂದಳು. ಕಲಿತಳು. ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ನಮ್ಮ ಎತ್ತು ಪೂಜೆ ಮುಗಿಸಿ ಮಾಳಿಗೆ ಏರುತ್ತಿದ್ದವು. ಆಕೆಯ ಎತ್ತು ಅರಿವೆಯಲ್ಲಿ ಸುತ್ತಿಸಿಕೊಂಡು ಕ್ರಿಸ್ಮಸ್ಸಿನವರೆಗೆ ಡಬ್ಬಿಯಲ್ಲಿ ಕಾಯುತ್ತಿದ್ದವು. ಕೊಂಬಿಗೆ ಕಡ್ಡಿ, ಕಣ್ಣಿಗೆ ಕುಸುಬಿ ಕಾಳು, ಮೈಗೆ ಸುಣ್ಣ. ಸುಡುವ ಮಾತಿಲ್ಲ, ಬರೇ ಬಿಸಿಲಿಗೆ ಒಣಗಿಸಿದ ಹಸಿ ಮಣ್ಣು. ತೀರಿಹೋಗುವ ಮುಂಚೆ ಆ ಮಳೆಗಾಲದಲ್ಲಿ ಮಾಡಿದ್ದೇ ಕಡೆಯ ಜೋಡಿ. ಬೆನ್ನಿನ ಮೇಲೆ ಆಕೆಯ ಹೆಬ್ಬೆರಳು ಒತ್ತಿದ ಗುರುತು ಹಾಗೇ ಒಣಗಿ ನಿಂತಿತ್ತು.

ಇದು ನರ್ಸಬಾಯಿಗೆ ಹೇಗೆ ಗೊತ್ತಾಗಬೇಕು? ಅಟ್ಟದಿಂದ ಡಬ್ಬಿ ಇಳಿಸಿದಳು, ಬಿಚ್ಚಿದಳು. ಎರಡು ಎತ್ತು, ಮೈಮೇಲೆ ಎರಡು ವರ್ಷದ ಧೂಳು, ಹಲ್ಲಿಯ ಹೊಲಸು. ಬಕೆಟ್ಟಿನಲ್ಲಿ ನೀರು ತುಂಬಿ, ಫಿನಾಯಿಲ್ ಹಾಕಿ, ಜರಾ ನೆನೀಲಿ ಅಂತ ಎರಡನ್ನೂ ಅದರಲ್ಲಿ ಬಿಟ್ಟು ಬೇಳೆ ಕುದಿಸಲು ಹೋದಳು.

ಅಕ್ಕಾ, ಜರಾ ಬರ್ರಿ ಅಂತ ಕಿಂಡಿಯಿಂದ ದನಿ ಬಂತು. ಹೋದೆ. ಬಕೆಟ್ಟಿನಲ್ಲಿ ಕರಿ ನೀರು. ಮೇಲೆ ಕೊಂಬಿನ ಕಡ್ಡಿ, ಕಣ್ಣಿನ ಕುಸುಬಿ ಕಾಳು, ನಾಲ್ಕು ಎಳೆ ಹತ್ತಿ ತೇಲಾಡಾಕತ್ತಿದ್ದವು. ನಾನು ಹಣೆ ಬಡಿದುಕೊಂಡೆ. ಅವು ಏನು, ಯಾರು ಮಾಡಿದ್ದು ಅಂತ ನಿಂತಲ್ಲೇ ಹೇಳಿದೆ. ಆಕೆ ಬಕೆಟ್ಟಿನ ಪಕ್ಕ ಕೂತಳು. ನೀರಿನಲ್ಲಿ ಕೈ ಆಡಿಸಿ ಆಡಿಸಿ ನೋಡಿದಳು, ಒಂದು ಕಾಲಾದರೂ ಸಿಗುತ್ತದೇನೋ ಅಂತ.

ಅಷ್ಟರಲ್ಲಿ ಕಂಡಕ್ಟರ್ ಬಂದ. ಮೊದಲ ಸಲ ಆತ ತಾನಾಗಿ ಉಪಾಯ ಹೇಳಿದ್ದು. ಬೆಕ್ಕು ಬೀಳಿಸಿ ಒಡೀತು ಅಂತ ಹೇಳೋಣ, ಹುಡುಗರು ನಂಬ್ತಾವ ಅಂದ. ನನಗೂ ಅದೇ ಸರಿ ಅನ್ನಿಸಿತು. ಹಬ್ಬಕ್ಕೆ ಇನ್ನೊಂದೇ ವಾರ ಇದೆ, ಅಜ್ಜಿ ಬರುವಾಕೆ, ಇದು ಹೇಳುವ ಹೊತ್ತಲ್ಲ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಗಂಡನನ್ನು ನೋಡಿದಳು.

"ಬೆಕ್ಕಿನ ಮ್ಯಾಲ ಹಾಕಿದ್ರ ಹುಡುಗರು ಬೆಕ್ಕಿನ್ನ ಮಾಫ್ ಮಾಡ್ತಾವ. ನನ್ನ ಯಾವಾಗ ಮಾಫ್ ಮಾಡಬೇಕು?"

ಮಕ್ಕಳು ಸಾಲಿಯಿಂದ ಬಂದಕೂಡಲೇ ಕೂಡಿಸಿಕೊಂಡು, ನಾನು ತೊಳೆಯಾಕ ಹೋಗಿ ಕರಗಿಸಿದೆ, ನನಗ ಗೊತ್ತಿರಲಿಲ್ಲ, ತಪ್ಪು ನಂದೇ ಅಂತ ಹೇಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಹುಡುಗ ಅತ್ತ. ಹುಡುಗಿ ಅಳಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ಆಕೆಯ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು.

"ನಮ್ಮವ್ವನ ಬೆರಳು ಇದ್ವು ಅದರಾಗ."

ಅಷ್ಟೇ ಅಂದದ್ದು. ಒಳಗೆ ಹೋಗಿ ತನ್ನ ಅರಿವೆ, ತಮ್ಮನ ಅರಿವೆ ಎರಡು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ಅಜ್ಜಿ ಬರಲು ಇನ್ನೂ ಒಂದು ವಾರ ಇತ್ತು. ಚೀಲ ಅಲ್ಲಿಂದ ಕದಲಲಿಲ್ಲ. ಬೆಳಿಗ್ಗೆ ಕಸ ಹೊಡೆಯುವಾಗ ನರ್ಸಬಾಯಿ ಆ ಚೀಲಗಳನ್ನು ಎತ್ತಿ, ಕಸ ಹೊಡೆದು, ಮತ್ತೆ ಇದ್ದಲ್ಲೇ ಇಡುತ್ತಿದ್ದಳು. ಮನೆಯ ಸಿಂಗಾರ ಅಲ್ಲಿಗೇ ನಿಂತಿತು.

ಎತ್ತು ಕರಗಿದ ಆ ಸಂಜೆಯೇ ನರ್ಸಬಾಯಿ ನನ್ನ ಮುಂದೆ ಬಂದು ಅತ್ತಳು. ಆಮೇಲೆ ಬಕೆಟ್ಟಿನ ನೀರನ್ನು ತೆಳ್ಳಗಿನ ಅರಿವೆಯಲ್ಲಿ ಸೋಸಿ, ಮಣ್ಣನ್ನೆಲ್ಲ ಒಂದು ಬುಟ್ಟಿಗೆ ಹಾಕಿದಳು. ಕುಸುಬಿ ಕಾಳನ್ನೂ ಆರಿಸಿ ಬಟ್ಟಲಲ್ಲಿ ಇಟ್ಟಳು. ಬಾ, ನಾನೇ ಹೊಸ ಜೋಡಿ ಮಾಡಿಕೊಡ್ತೀನಿ, ಅಮವಾಸ್ಯೆ ಇಲ್ಲದಿದ್ದರೂ ಪರವಾಗಿಲ್ಲ ಅಂದೆ. ಬೇಡ ಅಂದಳು. ಇದು ಹುಡುಗರ ಮಣ್ಣು, ಅವರು ಮಾಡು ಅಂದರೆ ಮಾಡಬೇಕು, ಚೆಲ್ಲು ಅಂದರೆ ಚೆಲ್ಲಬೇಕು ಅಂದಳು. ಬುಟ್ಟಿಯನ್ನು ಗ್ವಾದಲಿಯ ಮೂಲೆಯಲ್ಲಿ ಇಟ್ಟು, ಒದ್ದೆ ಅರಿವೆ ಮುಚ್ಚಿದಳು. ಡ್ಯೂಟಿಗೆ ಹೋಗುವ ಮುಂಚೆ ಅರಿವೆ ತೋಯಿಸುವುದು, ಬಂದಮೇಲೆ ಮತ್ತೆ ತೋಯಿಸುವುದು. ಗಾಯಕ್ಕೆ ಪಟ್ಟಿ ಬದಲಿಸಿದ ಹಾಗೆ ಮಾಡುತ್ತಿದ್ದಳು. ಮಣ್ಣು ಒಣಗಿ ಕಲ್ಲಾದರೆ ಮತ್ತೆ ಯಾರಿಗೂ ಉಪಯೋಗವಿಲ್ಲ ಅಂತ. ಹುಡುಗಿ ಓದುವ ಪುಸ್ತಕದ ಮೇಲಿಂದ ಇದನ್ನು ನೋಡುತ್ತಿದ್ದಳು. ಒಂದು ದಿನ ಈಕೆ ದವಾಖಾನೆಯಿಂದ ಬರುವುದು ತಡವಾಯಿತು. ನಾನು ಹಾಲು ಕೊಡಲು ಹೋದೆ, ಬುಟ್ಟಿಯ ಅರಿವೆ ಹಸಿಯಾಗಿಯೇ ಇತ್ತು. ಹುಡುಗಿ ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ಪುಸ್ತಕ ಹಿಡಿದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಅಜ್ಜಿ ಬಂದಿಳಿದಳು. ನಾನು ಶೇಂಗಾದ ಹೋಳಿಗೆ ಹಿಡಿದುಕೊಂಡು ಅವರ ಮನೆಯಲ್ಲೇ ಇದ್ದೆ, ಖರೆ ಹೇಳಬೇಕಂದರೆ ಹೋಳಿಗೆ ಒಂದು ನೆಪ. ಅಜ್ಜಿ ನೀರು ಕುಡಿದಳು. ಬಾಗಿಲ ಹತ್ತಿರದ ಚೀಲಗಳನ್ನು ನೋಡಿದಳು, ಗಿಡ ನೋಡಿದಳು, ಗ್ವಾದಲಿ ನೋಡಿದಳು. ಜೋಳದ ಕಣಿಕೆ ಹಾಸಿ, ಕೂಸಿನ ಗ್ವಾದಲಿ ಇಟ್ಟಿತ್ತು. ಎತ್ತು ನಿಲ್ಲುವ ಜಾಗ ಖಾಲಿ ಇತ್ತು. ನನ್ನ ಮಗಳ ಎತ್ತು ಎಲ್ಲಿ ಅವ ಅಂತ ಕೇಳಿದಳು.

ಕಂಡಕ್ಟರ್ ಬಾಗಿಲ ಚೌಕಟ್ಟು ಹಿಡಿದ. ನರ್ಸಬಾಯಿ ಎದ್ದು ನಿಂತು, ಅವ್ವಾರ, ಅವನ್ನ ನಾನು ಅಂತ ಸುರುಮಾಡಿದಳು. ಆಕೆ ಹೇಳೇ ಬಿಡುವಾಕೆ, ನನಗೆ ಗೊತ್ತಿತ್ತು. ಹುಡುಗಿ ನಡುವೆ ಬಾಯಿ ಹಾಕಿದಳು.

"ನೆನಿಯಾಕ ಇಟ್ಟೀವಿ ಅಜ್ಜಿ. ಎರಡೂ ಸೀಳು ಬಿಟ್ಟಿದ್ವು. ಅದೇ ಮಣ್ಣಾಗ ಹೊಸಾವು ಮಾಡಬೇಕಂತ ನಾನೇ ನೀರಾಗ ಹಾಕೀನಿ."

ಅಜ್ಜಿ ಎದ್ದು ಹೋಗಿ ಬುಟ್ಟಿಯ ಅರಿವೆ ಎತ್ತಿದಳು. ಹೊಲದ ಹೆಂಗಸು, ಮಣ್ಣು ಮುಟ್ಟಿದರೆ ತಿಳಿಯುತ್ತದೆ. ಚಿಟಿಕೆ ತೆಗೆದು ತಿಕ್ಕಿ, ಮೂಗಿಗೆ ಹಿಡಿದಳು. ಇದು ಫಿನಾಯಿಲ್ ಯಾಕ ನಾರ್ತದ ಅಂದಳು. ಹುಡುಗಿ ತಮ್ಮನ ಕಡೆ ನೋಡಿದಳು. ಹುಡುಗ ಅಜ್ಜಿಯ ಮುಂದೆ ಬಂದು ನಿಂತು, ನಮ್ಮ ಮನ್ಯಾಗ ಎಲ್ಲಾ ಹಂಗೇ ನಾರ್ತದ ಅಜ್ಜಿ, ನನ್ನ ಚಡ್ಡಿನೂ ಅಂದ. ನಾನು ಸೆರಗು ಬಾಯಿಗೆ ಹಿಡಿದುಕೊಂಡೆ.

ಮುದುಕಿ ಮೊಮ್ಮಗಳನ್ನು ನೋಡಿದಳು, ನರ್ಸಬಾಯಿಯನ್ನು ನೋಡಿದಳು. ತಿಳಿಯದೆ ಇರುತ್ತದೇನು ಆಕೆಗೆ? ಕಡೆಗೆ ಕೇಳಬೇಕಾದ್ದನ್ನು ಕೇಳಿದಳು. ಚೀಲ ತುಂಬಿಟ್ಟೀರಿ, ಬರ್ತೀರೇನು ಮತ್ತ? ಹುಡುಗಿ ಬುಟ್ಟಿಯ ಮುಂದೆ ಕೂತು ಕುಪ್ಪಸದ ತೋಳು ಏರಿಸುತ್ತ, ಎತ್ತು ಮಾಡೋದದ ಅಜ್ಜಿ, ಎಲ್ಲಿ ಬರೋದು ಅಂದಳು. ಮುದುಕಿಯ ಕಣ್ಣು ತುಂಬಿ ಬಂದವು. ಆದರೂ ಗಟ್ಟಿ ಹೆಂಗಸು. ಸೀರೆ ಎತ್ತಿ ಕಟ್ಟಿ ಪಕ್ಕಕ್ಕೆ ಕೂತು, ಇಷ್ಟು ತೆಳ್ಳಗಿದ್ರ ಎತ್ತು ಹ್ಯಾಂಗ ನಿಂತಾವು, ಹತ್ತಿ ತರ್ರಿ ಅಂದಳು. ನಾನು ಜಾಲಿ ಗಿಡದ ಮೇಲಿನ ಹಿಮವನ್ನೆಲ್ಲ ಕಿತ್ತುಕೊಟ್ಟೆ. ಒಂದು ಎತ್ತು ಹುಡುಗಿ ಹಿಡಿದಳು. ಇನ್ನೊಂದು ಮುದ್ದೆಯನ್ನು ಹಿಂದೆ ತಿರುಗಿ ನೋಡದೆಯೇ ನರ್ಸಬಾಯಿಯ ಕಡೆ ಸರಿಸಿ, ಇದಕ್ಕ ಕಾಲು ಮಾಡು ಅಂದಳು. ನನ್ನ ಮೂಲಕ ಅಲ್ಲ, ನೇರ. ಆಕೆ ಮಾಡಿದ ಎತ್ತು ನಾಯಿಯ ಹಾಗೆ ಆಯಿತು, ಅದು ಬೇರೆ ಮಾತು. ಸ್ವಾಮಿಯ ಮುಂದೆ ಅದನ್ನೇ ನಿಲ್ಲಿಸಿದರು.

ಮುಂದಿನ ವರ್ಷಗಳಲ್ಲಿ ಆ ಮಕ್ಕಳು ಸಿಂಗಾರಕ್ಕೆ ಸಂತೋಷದಿಂದ ಓಡಿ ಬಂದರು ಅಂತ ತಿಳಿಯಬೇಡ್ರಿ. ಹುಡುಗ ಬುಗ್ಗೆ ಊದಲು ಬೇಸರ ಮಾಡುತ್ತಲೇ ದೊಡ್ಡವನಾದ. ಹುಡುಗಿ ಕಾಲೇಜಿಗೆ ಹೋದಮೇಲೆ ಮೊಬೈಲ್ ಹಿಡಿದು ಮೂಲೆ ಸೇರುತ್ತಿದ್ದಳು. ಗೋಡೆಯ ಆಚೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಏಣಿ ಹಿಡಿ ಅಂತ ಆಕೆ ತೆಲುಗಿನಲ್ಲಿ ಬೈಯುವುದು, ನೀನೇ ಹಿಡಕೋ ಅಂತ ಇವಳು ಕನ್ನಡದಲ್ಲಿ ಒದರುವುದು, ಹುಡುಗ ಬಾಗಿಲು ಬಡಿದು ಹೊರಗೆ ಓಡುವುದು. ಎಲ್ಲರ ಮನೆಯ ಗಲಾಟೆ ಅದು, ಡಿಸೆಂಬರ್ ಬಂತು ಅಂತ ನನಗೆ ಅದರಿಂದಲೇ ಗೊತ್ತಾಗುತ್ತಿತ್ತು.

ಆದರೆ ಆ ಸಂಜೆಯ ಮಾತು ಹೇಳಬೇಕು. ಎತ್ತು ಮಾಡಿ ಮುಗಿದಮೇಲೆ ಎಲ್ಲರೂ ಒಳಗೆ ಹೋಳಿಗೆ ತಿನ್ನುತ್ತಿದ್ದರು. ಕೈ ತೊಳೆದು ಬರ್ತೀನಿ ಅಂತ ಹಿತ್ತಲಿಗೆ ಹೋದಾಕೆ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ತೊಳೆದೇ ಇಲ್ಲ. ಮಣ್ಣು ಮೆತ್ತಿದ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳಾಕತ್ತಾಳೆ. ನನಗೆ ರೇಗಿತು. ಮಕ್ಕಳು ಇಲ್ಲೇ ಉಳಿದಾವ, ಮುದುಕಿ ಚೀಲ ಬಿಚ್ಚಿಸಿ ಅರಿವೆ ಒಳಗ ಇಡಿಸ್ಯಾಳ, ಇನ್ನ ಅಳೋದು ಯಾಕ ಅಂತ ಜೋರು ಮಾಡಿದೆ. ಆಕೆ ತಲೆ ಎತ್ತಿದಳು, ಮುಖದ ತುಂಬ ನೀರು, ಅದರೊಳಗೇ ನಗು.

"ಆಕಿ ನನ್ನ ಸಲುವಾಗಿ ಸುಳ್ಳು ಹೇಳಿದ್ಲಲ್ಲಕ್ಕಾ. ದವಾಖಾನ್ಯಾಗ ದಿನಾ ನೋಡ್ತೀನಿ. ಗುಳಿಗಿ ತಗೊಂಡಾಳ್ರಿ, ಊಟಾ ಮಾಡ್ಯಾಳ್ರಿ ಅಂತ ಹುಡುಗರು ನಮ್ಮ ಮುಂದ ಸುಳ್ಳು ಹೇಳ್ತಾವ. ಬ್ಯಾರೆ ಯಾರ ಸಲುವಾಗಿನೂ ಹೇಳಂಗಿಲ್ಲ. ತಮ್ಮವ್ವನ ಸಲುವಾಗಿ ಅಷ್ಟೇ ಹೇಳ್ತಾವ."